ನಲವತ್ತು ಸಾವಿರದ ಪಿಕಪ್ಪು

ಇದು ನನ್ನ ದೊಡ್ಡಪ್ಪನ ಮಗ ಅಂಜಿನೇಯನಿಗೆ ಆದದ್ದು. ಲೈಟು ಬೇಕಾದ್ರೆ ಹಾಕ್ಕಳ್ರಿ, ನಡುವೆ ಎದ್ದು ಮಾತ್ರ ಹೋಗಬ್ಯಾಡ್ರಿ. ಬಿಳಿ ಪಂಚೆ ಹೊದ್ದುಕೊಂಡು ಗೋಸಾಯಿ ಬಾವಿ ಹತ್ರ ಜನರನ್ನ ಹೆದರಿಸಿದೋನು ನಾನೇ, ಒಪ್ಕಂತೀನಿ. ಎರಡು ಸಲ. ಆದರೆ ಈ ರಾತ್ರಿ ನಾನು ಜ್ವರ ಬಂದು ಕಂಬಳಿಯೊಳಗಿದ್ದೆ. ನಮ್ಮವ್ವನ್ನ ಕೇಳ್ರಿ.

ಚಳ್ಳಕೆರೆಯಿಂದ ಬಂದ ಕೊನೇ ಬಸ್ಸು ಅಂಜಿನೇಯನನ್ನ ಕ್ರಾಸಿನಲ್ಲಿ ಇಳಿಸಿದಾಗ ಹತ್ತೂವರೆ ದಾಟಿತ್ತು. ಅಲ್ಲಿಂದ ಹಟ್ಟಿಗೆ ಒಂದು ಮೈಲಿ ನಡಿಗೆ. ಮಾಗಿ ಚಳಿ. ಮೊಳಕಾಲ್ಮೂರು ರಸ್ತೆಯ ತಿರುವಿನಲ್ಲೇ ಆ ಬಾವಿ. ಹತ್ತಿರ ಬರ್ತಾ ಇದ್ದಂಗೆ ಅವನು ಬೀಡಿ ಆರಿಸಿದ. ಭಕ್ತಿಗಲ್ಲ… ಬೆಂಕಿ ಕಂಡ್ರೆ ಬಾವಿಯೊಳಗಿನ ಪಾರಿವಾಳ ಪಟಪಟ ಅಂತ ಎದ್ದು ಮುಖಕ್ಕೇ ಬರ್ತಾವೆ.

ಕಾರಿರೋನು ನಡಕೊಂಡು ಯಾಕೆ ಬಂದ ಅಂತೀರಾ? ಕಾರು ಚಳ್ಳಕೆರೆಯಲ್ಲಿ ಜುಲ್ಫಿಕರನ ಶೆಡ್ಡಿನಲ್ಲಿತ್ತು.

ಈ ಜುಲ್ಫಿಕರ್ ಮೆಕ್ಯಾನಿಕ್ಕು. ಒಂದನೇ ಕ್ಲಾಸಿನಿಂದ ಅಂಜಿನೇಯನ ಪಕ್ಕದಲ್ಲೇ ಕೂತೋನು. ಇವರಿಬ್ಬರೂ ಸೇರಿ ಏಳನೇ ಕ್ಲಾಸನ್ನ ಮೂರು ಸಲ ಓದಿದ್ದಾರೆ. ರಂಜಾನಿಗೆ ಜುಲ್ಫಿಯ ಅಮ್ಮ ಖಾತೂನ್ ಬೀ ಸುರ್ಕುಂಬಾ ಪಾಯಸ ಹಾಕುವಾಗ ಮೊದಲನೇ ಬಟ್ಟಲು ಅಂಜಿನೇಯನದು, ಎರಡನೇದು ಮಗನದು. ಅಷ್ಟು ದೋಸ್ತಿ. ಕರೆಂಟಿನ ಕಾರು ಸೆಕೆಂಡ್ ಹ್ಯಾಂಡ್ ಕೊಡಿಸಿದೋನೂ ಜುಲ್ಫಿನೇ.

"ಯಾರದ್ಲೇ ಇದು?" ಅಂತ ಕೇಳಿದ್ದ ಅಂಜಿನೇಯ.

"ರಾಯದುರ್ಗದ ಜೀನ್ಸ್ ಪ್ಯಾಂಟಿನ ವ್ಯಾಪಾರಿ. ನಾಗಭೂಷಣ ಅಂತ. ದುಬೈಗೆ ಹೋದ. ಇನ್ನ ವಾಪಸ್ ಬರಲ್ಲ."

"ಹೆಸರು ಬದಲಿ ಮಾಡಿಸ್ಬೇಕಲ್ಲ."

"ಯಾಕ್ಲೇ? ಆರ್‌ಟಿಓ ಆಫೀಸಿಗೆ ನಾಕು ಸಲ ಅಲೀತೀಯಾ? ಸೇಲ್ ಲೆಟರ್ ಐತೆ, ಸಾಕು. ನಮ್ಮ ಮಾವನ ಲೂನಾ ಸತ್ತೋರ ಹೆಸರಲ್ಲೇ ಹನ್ನೆರಡು ವರ್ಷದಿಂದ ಓಡ್ತೈತೆ. ಸೀಟ್ ಕವರ್ ಹೊಸದು ಹಾಕೀನಿ ನೋಡು, ಫ್ರೀ."

ನಮ್ಮ ಕಡೆ ಎಲ್ಲರೂ ಮಾಡೋದು ಅದನ್ನೇ. ಗಾಡಿ ನಮ್ಮದು, ಹೆಸರು ಯಾರದೋ. ಹಂಗಾಗಿ ಫೋನಿನಲ್ಲಿರೋ ಕಾರಿನ ಆ್ಯಪಿನಲ್ಲೂ ಹಳೇ ಹೆಸರೇ ಉಳೀತು. ಕಾರು ಹತ್ತಿದ ಕೂಡಲೇ ಪರದೆ ಮೇಲೆ 'ನಮಸ್ಕಾರ, ನಾಗಭೂಷಣ' ಅಂತ ಬರೋದು. ಅಂಜಿನೇಯನ ಹೆಂಡ್ತಿ ಆಶಾ ನಗೋಳು, "ನೋಡು, ನಿನ್ನ ಯಜಮಾನ ಕರೀತಾನೆ." ಖಾತೂನ್ ಬೀ ಮಾತ್ರ ಆ ಕಾರು ಹತ್ತಲಿಲ್ಲ. ಯಾರದೋ ಮದುವೆಗೆ ಮೊಳಕಾಲ್ಮೂರಿಗೆ ಕರಕೊಂಡು ಹೋಗ್ತೀನಿ ಅಂದ್ರೂ, "ಬ್ಯಾಡ ಬೇಟಾ, ನಾನು ಬಸ್ಸಿಗೇ ಬರ್ತೀನಿ" ಅಂದ್ಲು.

ಕಾರಿಗೆ ಒಂದೇ ಖಾಯಿಲೆ, ಪಿಕಪ್ಪು ಕಡಿಮೆ. ನಮ್ಮ ರಸ್ತೇಲಿ ಕರೆಂಟು ತೆಗೆಯೋ ಗಾಳಿ ಫ್ಯಾನಿನ ರೆಕ್ಕೆ ಹೊತ್ತ ಉದ್ದನೆ ಲಾರಿ ಬರ್ತಾವಲ್ಲ, ಅವುಗಳ ಹಿಂದೆ ಸಿಕ್ಕಿಕೊಂಡ್ರೆ ಮುಗೀತು. ಅಂಜಿನೇಯನ ಕಸುಬು ರೇಷ್ಮೆ ಸೀರೆ ಬಂಡಲ್ಲು ಸಾಗಿಸೋದು; ಹೊತ್ತಿಗೆ ಸರಿಯಾಗಿ ಮುಟ್ಟಿಸಲಿಲ್ಲ ಅಂತ ಎರಡು ಅಂಗಡಿಯೋರು ಅವನಿಗೆ ಬಾಡಿಗೆ ಕೊಡೋದು ಬಿಟ್ಟಿದ್ರು. ಆಗ ಜುಲ್ಫಿ ಹೇಳಿದ: ಕಂಪನಿಗೆ ನಲವತ್ತು ಸಾವಿರ ಕಟ್ಟಿದ್ರೆ ಸಾಫ್ಟ್‌ವೇರ್ ಕಳಿಸ್ತಾರೆ, ಗಾಡಿ ಹಾರ್ತೈತೆ, ಒಂದು ನಟ್ಟೂ ಬಿಚ್ಚಂಗಿಲ್ಲ.

ಅಂಜಿನೇಯನ ಅಪ್ಪ ಸೂರಪ್ಪ ಕಟ್ಟೆ ಮೇಲಿಂದ ಕೇಳಿದ, "ಅಂದ್ರೆ ಆ ಶಕ್ತಿ ಗಾಡಿಯೊಳಗೆ ಮೊದ್ಲೇ ಐತಾ?"

"ಐತೆ ಸೂರಪ್ಪಣ್ಣ. ಬೀಗ ಹಾಕಿರ್ತಾರೆ."

"ನಮ್ಮ ಗಾಡೀಗೆ ಅವರ ಬೀಗ. ಭಲೇ ಕಳ್ರು."

ಆಶಾ ಎರಡು ಬಳೆ ಬಿಚ್ಚಿ ಕೊಟ್ಲು. ಬಳೆ ಮಾರಿದ ದುಡ್ಡನ್ನ ಅಂಜಿನೇಯ ಜುಲ್ಫಿ ಕೈಗೆ ಇಟ್ಟ, ಜುಲ್ಫಿ ಫೋನಿನಲ್ಲಿ ಕಟ್ಟಿದ. ಟಿಣ್ ಅಂತು. "ಆತು" ಅಂದ.

ಆಗಲಿಲ್ಲ. ಅಂಜಿನೇಯ ಒತ್ತಿದ್ರೆ ಕಾರು ಹಳೇ ಕಾರೇ. ಬದಲಾದದ್ದು ಒಂದೇ… ದಿನಾ ಬೆಳಿಗ್ಗೆ ಡ್ರೈವರ್ ಸೀಟು ಹಿಂದಕ್ಕೆ ಸರಿದಿರೋದು. ಐದಡಿ ಎರಡಿಂಚಿನ ಅಂಜಿನೇಯನ ಕಾಲು ಪೆಡಲಿಗೆ ಎಟುಕ್ತಿರಲಿಲ್ಲ. ರಾತ್ರಿ ಅಪ್ಪ ಎ.ಸಿ. ಹಾಕ್ಕೊಂಡು ಮಲಗ್ತಾನೆ ಅಂತ ಸೂರಪ್ಪನಿಗೆ ಬೈದ. ಸೂರಪ್ಪ ವಾಪಸ್ ಬೈದ. ಒಂದು ತಿಂಗಳಾದ ಮೇಲೆ ಆಶಾ ಮೆಲ್ಲಗೆ ಅಂದ್ಲು, "ನಿನ್ನ ದೋಸ್ತು ನನ್ನ ಬಳೆ ನುಂಗಿಲ್ಲ ತಾನೆ?"

ಆ ಮಾತು ಹೊಟ್ಟೆಯೊಳಗೆ ಇಟ್ಕೊಂಡೇ ಅವತ್ತು ಕಾರನ್ನ ಶೆಡ್ಡಿಗೆ ಬಿಟ್ಟು ಬಂದಿದ್ದ.

ಬಾವಿ ತಿರುವು. ಕತ್ತಲು. ಹಿಂದೆ ಸದ್ದು…

ಹ್ಞೂಂಂಂ… ಟರ್.

ಕರೆಂಟಿನ ಕಾರು ನಿಧಾನ ಹೋಗುವಾಗ ಜನಕ್ಕೆ ಗೊತ್ತಾಗ್ಲಿ ಅಂತ ಕಂಪನಿಯೋರು ಒಂದು ಸದ್ದು ಇಟ್ಟಿರ್ತಾರೆ. ಮುದುಕಿ ನಿದ್ದೇಲಿ ಹೂಂಗುಟ್ಟಿದಂಗೆ. ಅಂಜಿನೇಯನ ಕಾರಿನ ಸ್ಪೀಕರು ಒಡೆದಿತ್ತು, ಕೊನೇಲಿ ಟರ್ ಅನ್ನೋದು. ಇಡೀ ತಾಲೂಕಿನಲ್ಲಿ ಆ ಟರ್ ಅವನ ಕಾರಿಗೊಂದಕ್ಕೇ.

ಕಾರು ಪಕ್ಕಕ್ಕೆ ಬಂದು ನಿಂತಿತು. ಲೈಟಿಲ್ಲ. ಗಾಜೊಳಗೆ ಕತ್ತಲು.

ಅಂಜಿನೇಯ ಫೋನ್ ಹಚ್ಚಿದ. ಪಿಸುಮಾತಲ್ಲಿ ಕೇಳಿದ, "ಜುಲ್ಫಿ, ಗಾಡಿ ಎಲ್ಲೈತೆ?"

"ಶೆಡ್ಡಲ್ಲಿ. ಚಾರ್ಜಿಗೆ ಹಾಕೀನಿ."

"ನೀನೆಲ್ಲಿದ್ದೀ?"

"ಮನೇಲಿ. ನೀನೂ ಮಲಗ್ಲೇ."

ಸುಳ್ಳು ಅಂದ್ಕೊಂಡ. ನನ್ನ ದುಡ್ಡಲ್ಲಿ ಪಿಕಪ್ಪು ಹಾಕ್ಸಿ ರಾತ್ರಿ ತಾನು ಮೆರೀತಾನೆ, ನನ್ನ ಕಂಡು ಹಿಂದಿನ ಸೀಟಲ್ಲಿ ಬಗ್ಗಿ ಕೂತಾನೆ. ಹಿಡೀತೀನಿ ಇವತ್ತು. ಬಾಗಿಲು ಎಳೆದು ಡ್ರೈವರ್ ಸೀಟಿಗೆ ಕುಕ್ಕರಿಸಿ ಹಿಂದೆ ನೋಡಿದ.

ಯಾರೂ ಇಲ್ಲ.

ಟಕ್. ಬಾಗಿಲು ಬೀಗ ಬಿತ್ತು. ಸರ್ರ್… ಬೆಲ್ಟು ಎದೆ ಮೇಲೆ ಹಾದು ಕ್ಲಿಕ್ ಅಂತು. ಪರದೆ ಬೆಳಗಿತು. 'ನಮಸ್ಕಾರ, ನಾಗಭೂಷಣ. ವೇಗವರ್ಧನೆ ಚಾಲ್ತಿಯಲ್ಲಿದೆ.'

ಕಾಲು ಚಾಚಿದ. ಎಟುಕಲಿಲ್ಲ. ಪೆಡಲು ತಾನೇ ಕೆಳಗೆ ಹೋಯ್ತು.

ಬೆನ್ನು ಸೀಟಿಗೆ ಅಂಟಿಕೊಂತು. ಕಾರು ತಿರುಗಿ ಚಳ್ಳಕೆರೆ ಕಡೆ ಬಾಣ ಬಿಟ್ಟಂಗೆ ಹೊರಟಿತು. ಇಂಜಿನ್ನಿನ ಗಲಾಟೆ ಇಲ್ಲ… ಟೈರಿನ ಶ್ಶ್ಶ್… ಅದರ ಜೊತೆ ಒಂದು ಉಸಿರು. ಅಂಜಿನೇಯನದಲ್ಲ. ಅವನ ತಲೆಯಿಂದ ಒಂದು ಗೇಣು ಮೇಲೆ… ಎತ್ತರದ ಮನುಷ್ಯ ಕೂತ್ರೆ ಬಾಯಿ ಎಲ್ಲಿರ್ತೈತೋ ಅಲ್ಲಿಂದ.

"ಇಂಕೊಂಚೆಂ… ಇಂಕೊಂಚೆಂ…"

ಇನ್ನೊಂಚೂರು, ಇನ್ನೊಂಚೂರು ಅಂತ. ನಮ್ಮ ಕಡೆ ತೆಲುಗು ಬರದೇ ಇರೋರು ಯಾರಿದ್ದಾರೆ? ಅವತ್ತು ಬರದಿದ್ರೆ ಚೆನ್ನಾಗಿತ್ತು.

ಮುಂದೆ ರೆಕ್ಕೆ ಹೊತ್ತ ಲಾರಿ. ಅಂಜಿನೇಯನ ಎಡ ಎದೇಲಿ ಯಾರೋ ಹಿಡಿದು ಹಿಂಡಿದಂಗಾಯ್ತು. ಕಣ್ಣು ಮುಚ್ಚಿದ. ವುಶ್… ತೆರೆಯೋದ್ರೊಳಗೆ ಲಾರಿ ಎಲ್ಲೋ ಹಿಂದೆ. ತಲೆ ಮೇಲೆ "ಹ್ಹಾ…" ಅಂತ ಉಸಿರು ಇಳೀತು. ಎದೆ ಹಿಡಿತ ಬಿಡ್ತು.

ಚಳ್ಳಕೆರೆ ಆಸ್ಪತ್ರೆ ಗೇಟಿನ ಮುಂದೆ ಕಾರು ನಿಂತಿತು. ಬೆಲ್ಟು ಬಿಚ್ಚಿಕೊಂತು. ಮುಕ್ಕಾಲು ಗಂಟೆಯ ದಾರಿ, ಇಪ್ಪತ್ತೊಂದು ನಿಮಿಷ. ಕೊನೆಗೂ ತಾನು ದುಡ್ಡು ಕೊಟ್ಟ ವೇಗದಲ್ಲಿ ಅಂಜಿನೇಯ ಹೋಗಿದ್ದ… ಅದೂ ಬೇರೆಯವರ ಸವಾರಿಯಲ್ಲಿ. ಹೊರಗೆ ಬಿದ್ದ. ಎಡಗಾಲಿನ ಚಪ್ಪಲಿ ಒಳಗೇ ಉಳೀತು. ಹಿಂದೆ ಹ್ಞೂಂಂ… ಟರ್… ಪೇಟೆ ಕಡೆ ಹೋಯ್ತು. ತಿರುಗಿ ನೋಡಲಿಲ್ಲ.

ಒಂದೇ ಚಪ್ಪಲೀಲಿ ಜುಲ್ಫಿ ಮನೆ ಬಾಗಿಲು ಬಡಿದ. ತೆಗೆದೋಳು ಖಾತೂನ್ ಬೀ. ಇವನ ಮುಖ ನೋಡಿದ್ಲು. ಕಾಲು ನೋಡಿದ್ಲು.

"ಬಾವಿ ಹತ್ರಾನಾ, ಬೇಟಾ?"

ಅಂಜಿನೇಯ ಇನ್ನೂ ಬಾಯಿ ಬಿಟ್ಟಿರಲಿಲ್ಲ.

ದೆವ್ವಕ್ಕಿಂತ ಆ ಒಂದು ಮಾತು ಅವನನ್ನ ಹೊಸಲ ಮೇಲೆ ಕೂರಿಸಿಬಿಡ್ತು. ಈ ಮನೇಲಿ ಎಲ್ಲರಿಗೂ ಗೊತ್ತಿತ್ತು. ಮೊದಲನೇ ಬಟ್ಟಲು ಹಾಕೋ ಕೈಗೂ ಗೊತ್ತಿತ್ತು.

ಆಯಮ್ಮನೇ ಹೇಳಿದ್ಲು. ನಾಗಭೂಷಣ ಆರಡಿ ಮೇಲಿನ ಆಳು. ವ್ಯಾಪಾರಕ್ಕೆ ಮೊಳಕಾಲ್ಮೂರಿಗೆ ಬಂದಾಗ ರಾತ್ರಿ ಎದೆನೋವು ಹತ್ತಿತು. ತಾನೇ ಗಾಡಿ ಓಡಿಸ್ಕೊಂಡು ಚಳ್ಳಕೆರೆ ಆಸ್ಪತ್ರೆಗೆ ಹೊರಟ. ಮುಂದೆ ಫ್ಯಾನಿನ ಲಾರಿ, ದಾಟಾಕೆ ಪಿಕಪ್ಪಿಲ್ಲ. ಬಾವಿ ತಿರುವಿನಲ್ಲಿ ನಿಲ್ಲಿಸಿದ. ಬೆಳಿಗ್ಗೆ ಎಳಕೊಂಡು ಬರಾಕೆ ಹೋದೋನು ಜುಲ್ಫಿ. ಹೆಣದ ಕೈಯಲ್ಲಿನ ಫೋನು ಇನ್ನೂ ಉರೀತಿತ್ತು. ಅದೇ ನಲವತ್ತು ಸಾವಿರದ ಪೇಜು. ಒತ್ತೋದೊಂದು ಬಾಕಿ.

ಜುಲ್ಫಿ ಒಳಗಿಂದ ಬಂದು ನಿಂತ. "ಸತ್ತೋರ ಗಾಡಿ ಅಂದ್ರೆ ಯಾರು ತಗಂತಾರ್ಲೇ, ಅಂಜಿ?"

"ನಾನು ತಗಂತಿದ್ದೆ. ನೀನು ಹೇಳಿದ್ರೆ."

"…ವಾಪಸ್ ಬರಲ್ಲ ಅಂತ ಹೇಳಿದ್ದೆನಲ್ಲ."

"ಬಂದಾನೆ."

"ನಿನ್ನ ದುಡ್ಡು ನಾನು ಮುಟ್ಟಿಲ್ಲ. ಅವ್ವನಾಣೆ."

"ಗೊತ್ತು. ತಿಂದಿದ್ರೆ ಚೆನ್ನಾಗಿತ್ತು. ಬೈದು ಸುಮ್ನಾಗ್ತಿದ್ದೆ."

ಬೆಳಗಾದ ಮೇಲೆ ಇಬ್ಬರೂ ಶೆಡ್ಡಿಗೆ ಹೋದ್ರು. ಹೊರಗಿನ ಬೀಗ ಹಾಕಿದಂಗೇ ಇತ್ತು. ಕಾರಿಗೆ ಚಾರ್ಜಿನ ವೈರು ಸಿಗಿಸಿತ್ತು, ನೂರಕ್ಕೆ ನೂರು ತುಂಬಿತ್ತು. ಪೆಡಲಿನ ಕೆಳಗೆ ಎಡಗಾಲಿನ ಚಪ್ಪಲಿ. ಅಂಜಿನೇಯ ಅದನ್ನ ಹಾಕ್ಕೊಂಡ, ಕೀಲಿಯನ್ನ ಬಾನೆಟ್ ಮೇಲೆ ಇಟ್ಟ, ಬಸ್ ಸ್ಟ್ಯಾಂಡಿಗೆ ನಡೆದ. ಜುಲ್ಫಿ ಎರಡು ಸಲ ಕರೆದ. ಈ ರಂಜಾನಿಗೆ ಖಾತೂನ್ ಬೀ ಬಟ್ಟಲು ಕಳಿಸಿದ್ಲು. ಆಶಾ ತೊಳೆದು ಕಳಿಸಿದ್ಲು. ಅಂಜಿನೇಯ ಮುಟ್ಟಲಿಲ್ಲ.

ಆ ಕಾರು ಶೆಡ್ಡಿನ ಮೂಲೇಲೇ ಐತೆ. ಯಾರೂ ಕೊಂಡಿಲ್ಲ. ಜುಲ್ಫಿ ಬ್ಯಾಟರಿ ವೈರು ಕಿತ್ತು ಬೇರೆ ಇಟ್ಟಾನೆ, ಪರದೆ ಬೆಳಗಲ್ಲ, ಗಾಜು ಇಳಿಯಲ್ಲ. ದಿನಾ ಸಂಜೆ ಶಟರ್ ಎಳೆಯೋ ಮುಂಚೆ ಸೀಟಿನ ಕೆಳಗಿನ ಸರಳು ಹಿಡಿದು ಅದನ್ನ ಮುಂದಕ್ಕೆ ತಳ್ತಾನೆ, ಅಂಜಿನೇಯನ ಕಾಲಿಗೆ ಸರಿಯಾಗಿ. ಯಾಕೋ, ಅವನನ್ನೇ ಕೇಳ್ರಿ.

ನಾನು ಸುಳ್ಳುಗಾರ ಅಂತ ಊರಿಗೇ ಗೊತ್ತು. ಅದಕ್ಕೇ ಒಂದಿನ ಬೆಳಿಗ್ಗೆ ಏಳಕ್ಕೆ ನಾನೇ ಹೋಗಿ ನಿಂತಿದ್ದೆ, ಜುಲ್ಫಿ ಶಟರ್ ಎತ್ತುವಾಗ.

ಸೀಟು ಹಿಂದಕ್ಕಿತ್ತು.