ಹಳದಿ ಕೇಬಲ್ ಹಾಗೂ ಇನ್ನೂರ ಹದಿನೈದು ಮೆಸೇಜುಗಳ ಕುರಿತು ಪುರವಣಿ ಹೇಳಿಕೆ

ನನ್ನ ಹೆಸರು ದಾನವ್ವ, ಗಂಡ ದಿವಂಗತ ಶಂಕ್ರಪ್ಪ ಮೆಳ್ಳಾಗಟ್ಟಿ. ವಯಸ್ಸು 64 ವರ್ಷ. ವಿದ್ಯಾಭ್ಯಾಸ ಎಸ್ಸೆಸ್ಸೆಲ್ಸಿ, ಮೊದಲ ಸಲಕ್ಕೇ ಪಾಸು. ಸವಣೂರು ಬಸ್ ನಿಲ್ದಾಣದಿಂದ ಇನ್ನೂರು ಮೀಟರ್ ದೂರದಲ್ಲಿರುವ ನಮ್ಮ ಸ್ಕ್ಯಾನಿಂಗ್ ಸೆಂಟರಿಗೆ ನಾನೇ ಮಾಲೀಕಳು. ವಾಸ ಅದರ ಮೇಲ್ಮಹಡಿಯಲ್ಲಿ. ಕಟ್ಟಡದ ಹನ್ನೊಂದು ಬಾಗಿಲುಗಳ ಕೀಲಿಗಳು ನನ್ನ ಸೊಂಟದಲ್ಲಿರುತ್ತವೆ. ದಿನಾಂಕ 29-11-2025ರಂದು ನಾನು ಕೊಟ್ಟ ಹೇಳಿಕೆಗೆ ಸೇರಿಸಿ, ಇಂದು ನಾನಾಗಿಯೇ ಠಾಣೆಗೆ ಬಂದು ಬರೆಸುವುದೇನೆಂದರೆ:

ಸೆಂಟರಿನಲ್ಲಿ ತೆಗೆದ ಚಿತ್ರಗಳೆಲ್ಲ ಒಂದು ಸ್ಟೋರೇಜ್ ಪೆಟ್ಟಿಗೆಯಲ್ಲಿ ಉಳಿಯುತ್ತವೆ. ವರದಿ ಬರೆಯುವ ಡಾಕ್ಟರು ಹುಬ್ಬಳ್ಳಿಯಲ್ಲಿ ಕುಳಿತು ಅಲ್ಲಿಂದಲೇ ಅವನ್ನು ನೋಡುತ್ತಾರೆ. ಸರ್ವರಿನಿಂದ ಈ ಪೆಟ್ಟಿಗೆಗೆ ಎರಡು ಕೇಬಲ್‌ಗಳಿವೆ, ಒಂದು ಹಳದಿ, ಒಂದು ನೀಲಿ. ಒಂದು ದಾರಿ ಬಿದ್ದರೆ ಕೆಲಸ ನಿಲ್ಲದೆ ಇನ್ನೊಂದರಲ್ಲಿ ನಡೆಯುತ್ತದೆ. ಹಾಗೆ ದಾರಿ ಬಿದ್ದರೆ, ಅದನ್ನು ಸರಿಪಡಿಸುವವರೆಗೆ ಯಂತ್ರವು ಗಂಟೆಗೊಂದು ಮೆಸೇಜು ಕಳಿಸುತ್ತದೆ.

ಆ ಮೆಸೇಜುಗಳು ಮೊದಲು ನನ್ನ ಸೊಸೆ ರಾಜಶ್ರೀಯ ಫೋನಿಗೆ ಬರುವಂತೆ ಇಟ್ಟಿದ್ದರು. ಆಕೆಯ ತವರು ತಡಸ, ಕಂಪ್ಯೂಟರ್ ಓದಿದ್ದಾಳೆ. ಬಂದ ಎರಡೇ ವರ್ಷದಲ್ಲಿ ಸೆಂಟರಿಗೆ ಬಂದವರೆಲ್ಲ ಮೊದಲು ಆಕೆಯನ್ನೇ ಕೇಳುವಂತಾಯಿತು. ಅಕ್ಟೋಬರ್ 14ರಂದು ಯಂತ್ರ ರಿಪೇರಿಯ ಮೆಹಬೂಬ ಹುಬ್ಬಳ್ಳಿಯಿಂದ ಬಂದಿದ್ದಾಗ ನಾನು ಚಹಾ ಹಿಡಿದು ಬಾಗಿಲಲ್ಲಿ ನಿಂತಿದ್ದೆ. ಆತ ನನ್ನ ಕಡೆ ನೋಡದೆ, ಮೇಡಮ್ಮಾರು ಇದ್ರ ನನಗಿಲ್ಲಿ ಕೆಲಸಾನ ಇಲ್ರಿ ಎಂದು ಆಕೆಗೆ ಹೇಳಿದ. ನೀಲಿ ಕೇಬಲ್‌ನ ಕ್ಲಿಪ್ಪು ಸೀಳಿದೆ, ಹೊಸದನ್ನು ಬಸ್ಸಿಗೆ ಹಾಕುತ್ತೇನೆ, ನೀವೇ ಬದಲಿಸಿ ಎಂದೂ ಹೇಳಿದ. ಚಹಾ ಆರಿತು.

ಅಂದು ಮಧ್ಯಾಹ್ನ ಊಟದ ಹೊತ್ತಿಗೆ ನಾನು ಮಗ ಬಸವೇಶನಿಗೆ, ಮೆಸೇಜುಗಳು ಇನ್ನು ನನ್ನ ಫೋನಿಗಷ್ಟೇ ಬರಬೇಕೆಂದು ಹೇಳಿದೆ. ಅವ್ವ, ಅವು ಇಂಗ್ಲಿಷಿನ್ಯಾಗ ಬರ್ತಾವ, ನಿನಗ್ಯಾಕ ಬೇಕ ಎಂದು ಅವನು ಅಂದ. ನಾನೂ ಇಂಗ್ಲಿಷ್ ಪಾಸಾಗೇನಿ ಎಂದೆ. ರಾಜಶ್ರೀ ನಕ್ಕು, ಇರ್ಲಿ ಬಿಡ್ರಿ, ಅತ್ತಿ ಫೋನಿಗೆ ಬಂದ್ರೂ ಒಂದ, ನನ್ನ ಫೋನಿಗೆ ಬಂದ್ರೂ ಒಂದ ಎಂದು ತಾನೇ ನಂಬರು ಬದಲಿಸಿಕೊಟ್ಟಳು. ಆಕೆ ನಕ್ಕದ್ದು ನನಗೆ ಸೇರಲಿಲ್ಲ.

ದಿನಾಂಕ 20-11-2025, ಗುರುವಾರ, ಅಮಾವಾಸ್ಯೆ. ನನ್ನ ಗಂಡನ ಹಿಟ್ಟಿನ ಗಿರಣಿಯ ಕಾಲದಿಂದಲೂ ಅಮಾವಾಸ್ಯೆಯಂದು ಮನೆಯ ಹಿರಿಯಳು ಯಂತ್ರ ಒರೆಸಿ ಪೂಜೆ ಮಾಡುವುದು ನಮ್ಮ ಪದ್ಧತಿ. ಬೆಳಿಗ್ಗೆ 11-30ಕ್ಕೆ ಸರ್ವರ್ ಕೋಣೆಯನ್ನು ನಾನೊಬ್ಬಳೇ ತೆರೆದೆ. ಯಂತ್ರದ ಹಿಂಬದಿಯ ದೂಳು ಒರೆಸಲು ಹಳದಿ ಕೇಬಲ್ ಬಿಚ್ಚಿ, ಒರೆಸಿ, ಮತ್ತೆ ಸಿಕ್ಕಿಸಿದೆ. ಆ ಕೇಬಲ್‌ಗೇ ಚೆಂಡುಹೂವಿನ ಮಾಲೆ ಕಟ್ಟಿದೆ. ಹಸಿರು ಇದ್ದ ದೀಪವೊಂದು ಕೆಂಪಾದದ್ದನ್ನು ನೋಡಿದೆ. 11-42ಕ್ಕೆ ನನ್ನ ಫೋನಿಗೆ ಮೊದಲ ಮೆಸೇಜು ಬಂತು.

ಇಂಗ್ಲಿಷಿನ ಆ ಎರಡು ಸಾಲುಗಳನ್ನು ನಾನು ಮೂರು ಸಲ ಓದಿದೆ. ಏನೋ ಬಿದ್ದಿದೆ ಎಂಬಷ್ಟು ತಿಳಿಯಿತು. ಪೂರ್ತಿ ತಿಳಿಯಬೇಕಾದರೆ ಸೊಸೆಯನ್ನು ಕೇಳಬೇಕಿತ್ತು; ಕೇಳಲಿಲ್ಲ. ಸೆಂಟರು ಎಂದಿನಂತೆ ನಡೆಯುತ್ತಿತ್ತು. ಮೆಸೇಜು ಗಂಟೆಗೊಮ್ಮೆ ಬರುತ್ತಲೇ ಇತ್ತು. ಮೂರನೆಯ ದಿನದಿಂದ ಫೋನನ್ನು ಜೋಳದ ಡಬ್ಬಿಯೊಳಗೆ ಇಡತೊಡಗಿದೆ.

ದಿನಾಂಕ 29-11-2025, ಶನಿವಾರ, ಬೆಳಿಗ್ಗೆ 10-05ಕ್ಕೆ ಟ್ರ್ಯಾಕ್ಟರಿನಿಂದ ಬಿದ್ದು ತಲೆಗೆ ಪೆಟ್ಟಾದ ಹತ್ತಿಮತ್ತೂರಿನ ಉಡಚಪ್ಪ ಎಂಬವರನ್ನು ಕರೆತಂದರು. ಬಸವೇಶ ಒಳಕೋಣೆಯಲ್ಲಿ ಅವರ ಸ್ಕ್ಯಾನ್ ಆರಂಭಿಸಿದ. ಇದು ಹೊರಗಿದ್ದ ನಮಗೆ ಗೊತ್ತಿರಲಿಲ್ಲ. 10-10ಕ್ಕೆ ರಾಜಶ್ರೀ, ಅಂದಷ್ಟೇ ಬಸ್ಸಿಗೆ ಬಂದಿದ್ದ ಹೊಸ ನೀಲಿ ಕೇಬಲ್ ಹಿಡಿದು ಬಂದು ಸರ್ವರ್ ಕೋಣೆ ತೆರೆಯಲು ಕೇಳಿದಳು. ತೆರೆದು ಪಕ್ಕದಲ್ಲಿ ನಿಂತೆ. ಆಕೆ, ಅತ್ತಿ, ನಿಮ್ಮ ಫೋನಿಗೆ ಏನರ ಮೆಸೇಜ್ ಬಂದಾವೇನ್ರಿ ಎಂದು ಕೇಳಿದಳು. ಆ ಹೊತ್ತಿಗೆ ಇನ್ನೂರ ಹದಿನೈದು ಬಂದಿದ್ದವು. ಏನೂ ಬಂದಿಲ್ಲ, ಬಂದಿದ್ರ ನಾ ಹೇಳತಿದ್ದಿಲ್ಲೇನ ಎಂದು ನಾನು ಅಂದೆ. ಸುಳ್ಳೆಂದು ತಿಳಿದೇ ಅಂದೆ.

10-15ಕ್ಕೆ ಆಕೆ ನೀಲಿ ಕೇಬಲ್ ತೆಗೆದಳು. ಎರಡೂ ದಾರಿಗಳು ಬಿದ್ದು ಎಲ್ಲ ನಿಂತಿತು. ಕೂಡಲೇ ಹೊಸ ಕೇಬಲ್ ಸಿಕ್ಕಿಸಿದರೂ ಪೆಟ್ಟಿಗೆ ಎಚ್ಚರವಾಗಲಿಲ್ಲ. ಮೆಹಬೂಬ ಫೋನಿನಲ್ಲಿ ಹೇಳಿದಂತೆ ಒಂದೊಂದಾಗಿ ಎಲ್ಲ ಆರಿಸಿ ಹಚ್ಚಬೇಕಾಯಿತು. ನಲವತ್ತೇಳು ನಿಮಿಷ ಉಡಚಪ್ಪನವರ ಚಿತ್ರ ಹುಬ್ಬಳ್ಳಿಯ ಡಾಕ್ಟರಿಗೆ ಕಾಣಲಿಲ್ಲ. ಉಡಚಪ್ಪನವರ ಹೆಂಡತಿ ಬೆಂಚಿನ ಮೇಲೆ ಕೂರದೆ ಗೋಡೆಗೆ ಹಣೆ ಹಚ್ಚಿ ನಿಂತಿದ್ದರು. ಅವರ ಕಡೆಯವರು ಕೌಂಟರಿನ ಗಾಜು ಒಡೆದರು. 11-20ಕ್ಕೆ ನಿಮ್ಮ ಠಾಣೆಯವರು ಬಂದಾಗ ನಾನು ಎಲ್ಲರೆದುರು, ನನ್ನ ಸೊಸೆ ಬೇಕಂತಲೇ ವಾಯರ್ ಕಿತ್ತಿದ್ದಾಳೆ ಎಂದು ಬರೆಸಿದೆ. ಮಧ್ಯಾಹ್ನ 12ರಿಂದ 3-10ರವರೆಗೆ ಆಕೆ ಇದೇ ಠಾಣೆಯ ಬೆಂಚಿನ ಮೇಲೆ ಕುಳಿತಳು. ಅತ್ತೆಯನ್ನು ಕೇಳಿಯೇ ಕೇಬಲ್ ತೆಗೆದೆನೆಂದು ಆಕೆ ಇಲ್ಲಿ ಹೇಳಲಿಲ್ಲವೆಂದು ನಿಮ್ಮ ಸಾಹೇಬರೇ ನನಗೆ ತಿಳಿಸಿದರು.

ನಿನ್ನೆ, ದಿನಾಂಕ 01-12-2025, ಬೆಳಿಗ್ಗೆ 11ಕ್ಕೆ ಮೆಹಬೂಬ ಬಂದು ಯಂತ್ರದ ದಾಖಲೆ ಓದಿದ. ಹಳದಿ ದಾರಿ 20ನೇ ತಾರೀಖಿನಂದೇ ಬಿದ್ದಿದೆ, ಕೇಬಲ್ ಅರ್ಧಕ್ಕೇ ಕುಳಿತಿದೆ ಎಂದ. ರಾಜಶ್ರೀಯ ಕಡೆ ತಿರುಗಿ, ನೀಲಿ ತಗಿಯೂ ಮೊದಲ ಸರ್ವರಿನ ಪರದೆ ಒಮ್ಮೆ ನೋಡಬೇಕಿತ್ತಲ್ರಿ ಮೇಡಂ, ಅದ್ರಾಗ ತೋರಸ್ತಿತ್ತು ಎಂದ. ಅತ್ತಿ ಬಾಜೂಕ ನಿಂತು ಇಲ್ಲ ಅಂದ ಮ್ಯಾಲೆ ಮತ್ತ ಪರದೆ ನೋಡಿದ್ರ, ಅವರ ಮಾತಿಗೆ ಏನ ಕಿಮ್ಮತ್ತು ಉಳೀತಿತ್ತು ಎಂದು ಆಕೆ ಸಣ್ಣ ದನಿಯಲ್ಲಿ ಹೇಳಿದಳು. ಬಸವೇಶ, 20ನೇ ತಾರೀಖಿನಂದು ಈ ಕೋಣೆಗೆ ಬಂದವರು ಯಾರೆಂದು ಕೇಳುತ್ತಿದ್ದಂತೆ, ಆಕೆ ಯಂತ್ರದ ಹಿಂದೆ ಕೈ ಹಾಕಿ ಹಳದಿ ಕೇಬಲ್‌ಗೆ ಸುತ್ತಿದ್ದ ಒಣ ಚೆಂಡುಹೂವಿನ ದಾರ ಬಿಡಿಸಿ ಸೆರಗಿನ ಗಂಟಿಗೆ ಹಾಕಿಕೊಂಡಳು. ಅದನ್ನು ನಾನು ನೋಡಿದ್ದನ್ನು ಆಕೆಯೂ ನೋಡಿದಳು.

ನನ್ನ ತಪ್ಪನ್ನೂ ಆಕೆಯೇ ಎತ್ತಿಟ್ಟುಕೊಂಡಳು. ಅದೊಂದನ್ನು ನಾನು ಆಕೆಗೆ ಬಿಡಲಾರೆ. ಅದು ನನ್ನದು, ನನ್ನ ಹೆಸರಿನಲ್ಲೇ ಬರೆದುಕೊಳ್ಳಿ.

ಉಡಚಪ್ಪನವರಿಗೆ ಅಂದೇ ಹುಬ್ಬಳ್ಳಿಯಲ್ಲಿ ಆಪರೇಷನ್ ಆಗಿದ್ದು, ಭಾನುವಾರ ಮಾತನಾಡಿದ್ದಾರೆ. ಗಾಜಿನ ಬಗ್ಗೆ ನನ್ನ ದೂರಿಲ್ಲ. ಸೊಸೆಯ ಮೇಲೆ ಬರೆಸಿದ ಮಾತು ಸುಳ್ಳು. ನನ್ನ ಫೋನನ್ನು ನಿಮ್ಮ ಮೇಜಿನ ಮೇಲಿಟ್ಟಿದ್ದೇನೆ, ಒಂದು ಮೆಸೇಜನ್ನೂ ಅಳಿಸಿಲ್ಲ.

ಇಂದು ಬೆಳಿಗ್ಗೆ 9-30ಕ್ಕೆ ಸರ್ವರ್ ಕೋಣೆಗೆ ಎರಡನೇ ಕೀಲಿ ಮಾಡಿಸಿ, 9-50ಕ್ಕೆ ರಾಜಶ್ರೀಯ ಕೈಗೆ ಕೊಟ್ಟೆ. ಮೆಸೇಜು ನಿನ್ನ ಫೋನಿಗೂ ಬರೂಹಂಗ ಮಾಡ್ಕೊ, ಇನ್ಮ್ಯಾಲೆ ನನ್ನ ಮಾತು ಕೇಳಿ ಕೇಬಲ್ ತಗೀಬ್ಯಾಡ, ಪರದೆ ನೋಡು ಎಂದೆ. ಮತ್ತ ನಿಮ್ಮ ಕೀಲಿ ಅತ್ತಿ ಎಂದು ಆಕೆ ಕೇಳಿದಳು. ನಂದು ನನ್ನ ಸೊಂಟದಾಗ ಐತಿ ಎಂದೆ. ಅದು ಅಲ್ಲೇ ಇರುತ್ತದೆ.

ಇದನ್ನು ನನಗೆ ಯಾರೂ ಓದಿ ಹೇಳಬೇಕಾಗಲಿಲ್ಲ, ನಾನೇ ಎರಡು ಸಲ ಓದಿದ್ದೇನೆ. ನಾನು ಹೇಳಿದಂತೆಯೇ ಇದೆ, ಹೇಳಿದ್ದು ನಿಜವಿದೆ.

ಸ್ಥಳ: ಸವಣೂರು
ದಿನಾಂಕ: 02-12-2025, ಬೆಳಿಗ್ಗೆ 11-25
ಸಹಿ: ದಾನವ್ವ ಶಂ. ಮೆಳ್ಳಾಗಟ್ಟಿ