ಕಳುವಾಗದ ನಲವತ್ತು ಗ್ರಾಂ

ಮಹತಿ, ತಂದೆ ಅನಂತರಾಮಯ್ಯ, 27 ವರ್ಷ, ಕೆಮಿಸ್ಟ್ ಕೆಲಸ, ಸ್ವಂತ ಊರು ಮಂಡಿಕಲ್, ಹಾಲಿ ವಾಸ ಗೌರಿಬಿದನೂರು. ಯಾರೂ ಕರೆಸದೆ ನಾನೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ನಮ್ಮ ಲ್ಯಾಬಿನಲ್ಲಿ ರುಥೇನಿಯಂ ಲೋಹದಿಂದ ಕಾರ್ಬೀನ್ ಸಂಯುಕ್ತ ತಯಾರಿಸುತ್ತೇನೆ. ಔಷಧಿ ಮಾಡುವವರಿಗೆ ಅದು ಕ್ಯಾಟಲಿಸ್ಟ್, ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ದುಬಾರಿ ವಸ್ತು. ದ್ರಾವಣದಲ್ಲಿರುವಾಗ ಅದಕ್ಕೆ ಗಾಳಿ ತಾಗಬಾರದು, ಆದ್ದರಿಂದ ಆರ್ಗಾನ್ ಅನಿಲದಲ್ಲಿ ಮಾಡುತ್ತೇವೆ. ಹಿಂದೆ ಎರಡು ಸಲ ನನ್ನ ಕೈಯಲ್ಲಿ ಕೆಟ್ಟಿತ್ತು. ಇನ್ನೊಮ್ಮೆ ಕೆಟ್ಟರೆ ಕೆಲಸ ಖಾಯಂ ಆಗುವುದಿಲ್ಲವೆಂದು ಮ್ಯಾನೇಜರ್ ಮೋಹನ್‌ಬಾಬು ತಿಳಿಸಿದ್ದರು.

ದಿನಾಂಕ 11-02-2025ರಂದು ಮಧ್ಯಾಹ್ನ 3.40ಕ್ಕೆ ಫ್ಲಾಸ್ಕಿನಲ್ಲಿದ್ದ ನೇರಳೆ ದ್ರಾವಣ ಕೆಟ್ಟು ಕಂದು ಬಣ್ಣಕ್ಕೆ ತಿರುಗಿತ್ತು. ಆರ್ಗಾನ್ ಸಿಲಿಂಡರ್ ಖಾಲಿಯಾಗಿತ್ತು. ಬೆಳಿಗ್ಗೆ ಅದರ ಮೀಟರ್ ನೋಡುವುದು ನನ್ನ ಕೆಲಸ, ನೋಡಿರಲಿಲ್ಲ. 4.15ಕ್ಕೆ ಎಲ್ಲವನ್ನೂ 7ನೇ ನಂಬರಿನ ತ್ಯಾಜ್ಯದ ಡ್ರಮ್ಮಿಗೆ ಸುರಿದೆ. ನಾಳೆ ಮತ್ತೆ ಮಾಡಿಡೋಣವೆಂದುಕೊಂಡು, 40 ಗ್ರಾಂ ಫ್ರಿಜ್ಜಿನಲ್ಲಿಟ್ಟಿದ್ದೇನೆಂದು ಪುಸ್ತಕದಲ್ಲಿ ಬರೆದೆ.

12ರಂದು ಬೆಳಿಗ್ಗೆ 9.10ಕ್ಕೆ ಮ್ಯಾನೇಜರ್ ಫ್ರಿಜ್ ತೆರೆದರು. ಬಾಟಲಿ ಇರಲಿಲ್ಲ. ಹಿಂದಿನ ಸಂಜೆ ನಾನು ಹೋದ ಮೇಲೆ ಒಳಗಿದ್ದವರು ಗಾಜಿನ ಸಾಮಾನು ತೊಳೆಯುವ ಶ್ಯಾಮಲಮ್ಮ ಒಬ್ಬರೇ. ಅವರ ಚೀಲವನ್ನು ಎಲ್ಲರೆದುರು ಮೇಜಿನ ಮೇಲೆ ಸುರಿಸಿದರು. ಒಂದು ಬಾಚಣಿಗೆ, ಎರಡು ಸೀಬೆಹಣ್ಣು, ಔಷಧಿ ಚೀಟಿ ಬಿದ್ದವು. ಆಕೆ ನನ್ನನ್ನು, "ನೀವಾದ್ರೂ ಹೇಳಮ್ಮ, ಆರು ವರ್ಷದಿಂದ ಏನಾದ್ರೂ ಮುಟ್ಟಿದೀನಾ?" ಎಂದು ಕೇಳಿದರು. ನನಗೆ ಗೊತ್ತಿಲ್ಲ ಎಂದೆ. ಕಂಪನಿಯವರು ದೂರು ಕೊಟ್ಟರು.

ಈ ದಿನ 13ರಂದು ಬೆಳಿಗ್ಗೆ 8.50ಕ್ಕೆ ಆಕೆಯ ಗಂಡ ವೆಂಕಟರವಣಪ್ಪ ಗೇಟಿನ ಹತ್ತಿರ ನಿಂತಿದ್ದರು. ಹೆಂಡತಿಯನ್ನು ಇವತ್ತೂ ಠಾಣೆಗೆ ವಿಚಾರಣೆಗೆ ಕರೆಸಿದ್ದಾರೆಂದು ತಿಳಿಸಿ, "ನೀವು ಓದಿದೋರು ಕಣಮ್ಮ. ಅವಳು ಕಳ್ಳಿ ಅಲ್ಲ ಅಂತ ಒಂದು ಕಾಗ್ದ ಬರ್ಕೊಡಿ" ಎಂದರು. ನಾನು ಒಳಗೆ ಹೋಗಲಿಲ್ಲ. ಅಲ್ಲಿಂದ ಠಾಣೆಗೆ ಮೂರು ಕಿಲೋಮೀಟರ್, ಇಬ್ಬರೂ ನಡೆದೇ ಬಂದೆವು. ದಾರಿಯಲ್ಲಿ ಅವರಿಗೆ ನಿಜ ಹೇಳಿದೆ.

ಕಳ್ಳತನ ನಡೆದೇ ಇಲ್ಲ. ಡ್ರಮ್ ಇನ್ನೂ ಲ್ಯಾಬಿನಲ್ಲೇ ಇದೆ, ಪರೀಕ್ಷೆಗೆ ಕಳಿಸಿದರೆ ರುಥೇನಿಯಂ ಸಿಗುತ್ತದೆ. ತಪ್ಪು ನನ್ನದು.

ಇಷ್ಟನ್ನೂ ಠಾಣೆಯಲ್ಲೇ ಕೂತಿದ್ದ ಶ್ಯಾಮಲಮ್ಮನವರಿಗೆ ಕೇಳುವಂತೆ ಓದಬೇಕೆಂದು ಬರೆದುಕೊಂಡ ಪೇದೆಯವರನ್ನು ಕೋರಿದೆ, ಓದಿದರು. ಆಕೆ ಸೆರಗು ಸರಿಮಾಡಿಕೊಂಡು ಎದ್ದು, ಇನ್ನು ತಾನು ಹೋಗಬಹುದೇ ಎಂದು ಪೇದೆಯವರನ್ನು ಕೇಳಿದರು. ನನ್ನ ಕಡೆ ನೋಡಲಿಲ್ಲ. ಇದನ್ನೂ ನಾನೇ ಹೇಳಿ ಬರೆಸಿದ್ದೇನೆ.

ಮೇಲಿನದೆಲ್ಲ ನಾನು ಕಂಡದ್ದು, ಮಾಡಿದ್ದು. ಸತ್ಯವೆಂದು ಒಪ್ಪಿ ರುಜು ಹಾಕಿದ್ದೇನೆ.

ಸ್ಥಳ: ಗೌರಿಬಿದನೂರು
ದಿನಾಂಕ: 13-02-2025, ಬೆಳಿಗ್ಗೆ 11.35
ಸಹಿ: ಮಹತಿ ಎ.