ತೋಪಿನ ಹಾಜರಿ

ಎಲ್ಲರಿಗೂ ನಮಸ್ಕಾರ. ಮೇಷ್ಟ್ರ ಶ್ರೀಮತಿ ಪ್ರಮೀಳಮ್ಮ, ಮಗ ರಘುನಂದನ್, ನಾಗಮಂಗಲದ ಹಿರಿಯರೇ, ನಮ್ಮ ಪ್ರೌಢಶಾಲೆಯ ಹಳೆಯ ವಿದ್ಯಾರ್ಥಿಗಳೇ —

ವಿಜ್ಞಾನದ ತಿಮ್ಮರಾಜು ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಒಂದು ಸಾಲು ಹೇಳುತ್ತಿದ್ದರು. 'ನೆರಳಿನಲ್ಲಿ ನಿಂತವನಿಗೆ ನೆನಪು ಬಾಡುವುದಿಲ್ಲ' ಎಂದೋ, 'ನೆರಳಿಗೂ ನೆನಪಿರುತ್ತದೆ' ಎಂದೋ. ಎರಡು ದಿನದಿಂದ ಹುಡುಕುತ್ತಿದ್ದೇನೆ, ಪೂರ್ತಿ ಸಿಗುತ್ತಿಲ್ಲ. ಕನ್ನಡ ಪಾಠ ಮಾಡುವವಳು ನಾನು, ಸಾಲು ನೆನಪಿಡುವುದೇ ನನ್ನ ಕೆಲಸ. ಸಿಕ್ಕರೂ — ಅದು ನಿಜವೇ? ನಿಜವಾಗಿದ್ದರೆ ಅವರ ಶ್ರದ್ಧಾಂಜಲಿ ಸಭೆಯಲ್ಲಿ ನಿಂತು ಮಾತಾಡುವ ಯೋಗ್ಯತೆ ನನಗಿಲ್ಲ.

ಶಾಲೆಯ ಹಿಂದಿನ ಗುಂಡುತೋಪು ನಿಮಗೆಲ್ಲ ಗೊತ್ತು. ಊರ ಹಳೆಯ ಮರಗಳು ಒಂದೊಂದಾಗಿ ಬಿದ್ದಾಗ, ಮೇಷ್ಟ್ರು ಪ್ರತಿ ವರ್ಷ ಹತ್ತನೇ ತರಗತಿಯವರಿಂದ ಅಲ್ಲಿ ಹೊಂಗೆ, ಬೇವು, ನೇರಳೆ ನೆಡಿಸಿದರು. ನೆಟ್ಟವರ ಹೆಸರೇ ಗಿಡದ ಹೆಸರು. ನೀರು ಹಾಕದವರಿಗೆ — "ಲೇ, ನಿನ್ ಗಿಡ ಒಣಗ್ತಾ ಅದೆ, ನೀನಿಲ್ ಕೂತ್ಕಂಡು ಹಲ್ ಕಿರೀತಿದ್ದೀಯಲ್ಲೋ!" ಜಯಕುಮಾರ್, ಎರಡನೇ ಸಾಲಿನಲ್ಲಿ ನಗುತ್ತಿದ್ದೀರಿ. ಆ ಬೈಗುಳ ನಿಮ್ಮದೇ.

ನಿವೃತ್ತರಾದ ಮೇಲೂ ಬೆಳಿಗ್ಗೆ ಆರಕ್ಕೆ ಅವರು ತೋಪಿನಲ್ಲಿರುತ್ತಿದ್ದರು. ಎರಡು ವರ್ಷದ ಹಿಂದೆ ಒಂದು ದಿನ ನಾನು ಬೇಗ ಬಂದೆ. ಅವರ ಕೈಯಲ್ಲಿ ಹಳೆಯ ಹಾಜರಿ ಪುಸ್ತಕ. ಒಂದು ಮರದ ಮುಂದೆ ನಿಂತು, "ಜಯಕುಮಾರ್." ಸ್ವಲ್ಪ ಹೊತ್ತು ಕಾಯುವುದು — ಹೀಗೆ, ತಲೆ ಓರೆ ಮಾಡಿ. ಗುರುತು ಹಾಕುವುದು. ಮುಂದಿನ ಮರ. "ಸುಧ." ಕಾಯುವುದು. "ಸುನಿತಾ."

"ಏನ್ಸಾರ್ ಇದು?" ಎಂದೆ.

"ಆಜರಿ ಕಣಮ್ಮ. ಇವತ್ ಯಾರೂ ಚಕ್ಕರ್ ಒಡ್ದಿಲ್ಲ," ಎಂದು ನಕ್ಕರು. ಆಮೇಲೆ ನನ್ನನ್ನೇ ನೋಡಿ, "ನಿಮ್ಮೆಸ್ರು?" ಎಂದರು.

ಇಪ್ಪತ್ತು ವರ್ಷ ಒಂದೇ ಮೇಜಿನಲ್ಲಿ ಡಬ್ಬಿ ಬಿಚ್ಚಿ ಉಂಡವರು ನಾವು.

ನನಗೆ ಭಯವಾಯಿತು ಎಂದು ಎಲ್ಲರಿಗೂ ಹೇಳಿದೆ. ಇಲ್ಲ — ನೋವಾಯಿತು. ಮರಗಳ ಹೆಸರು ನೆನಪಿದೆ, ನನ್ನದಿಲ್ಲ. ಆ ಸಂಜೆಯೇ ಅವರ ಮನೆಗೆ ಹೋಗಿ, "ಮರಗಳ ಹತ್ತಿರ ಮಾತಾಡ್ತಿದ್ದಾರೆ, ಒಬ್ಬರನ್ನೇ ಆಚೆ ಬಿಡಬೇಡಿ," ಎಂದವಳು ನಾನು. ರಘುನಂದನ್, ನೀವು ನನ್ನ ಮಾತು ನಂಬಿ ಗೇಟಿಗೆ ಬೀಗ ಹಾಕಿದಿರಿ. ತಪ್ಪು ನಿಮ್ಮದಲ್ಲ.

ಒಳಗೆ ಒಳ್ಳೆಯ ಊಟವಿತ್ತು, ಟಿವಿಯಿತ್ತು, ಪ್ರೀತಿಯಿತ್ತು. ಆದರೂ ಅವರ ನೆನಪಿನಿಂದ ಮೊದಲು ಸುನಿತಾ ಹೋದಳು. ಆಮೇಲೆ ಸುಧ. ದೀಪಾವಳಿಗೆ ಜಯಕುಮಾರ್. ಯುಗಾದಿಗೆ — ಪ್ರಮೀಳಮ್ಮ, ಕ್ಷಮಿಸಿ — ನೀವೂ.

ಮೈಸೂರಿನ ಡಾಕ್ಟರು ಹೇಳಿದರು: "ಬರುವ ಕಾಯಿಲೆ ಬಂದೇ ಬರುತ್ತಿತ್ತೇನೋ. ಆದರೆ ಗುರುತಿನ ಗಿಡಮರಗಳ ನಡುವೆ ದಿನಾ ಓಡಾಡುವವರಲ್ಲಿ ಮರೆವು ಕೆಲವೊಮ್ಮೆ ನಿಧಾನವಾಗುತ್ತದೆ." ಎಷ್ಟು ನಿಧಾನ? ಒಂದು ವರ್ಷವೇ, ಒಂದು ಮಳೆಗಾಲವೇ? ಕೇಳುವ ಧೈರ್ಯ ನನಗೆ ಬರಲಿಲ್ಲ.

ಈಗ ಬೆಳಿಗ್ಗೆ ಶಾಲೆಗೆ ಬರುವಾಗ ತೋಪಿನೊಳಗೆ ಯಾರೋ ಹೆಸರು ಕರೆದ ಹಾಗೆ ಕೇಳಿಸುತ್ತದೆ. ನಿಲ್ಲುತ್ತೇನೆ. ಕಾಯುತ್ತೇನೆ. ನನ್ನ ಹೆಸರು ಬರುವುದಿಲ್ಲ.

ನಿಮ್ಮ ಮನೆಯ ಹಿರಿಯರು ಬೆಳಿಗ್ಗೆ ಎದ್ದು ಚಪ್ಪಲಿ ಮೆಟ್ಟಿದರೆ ಗೇಟು ಹಾಕಬೇಡಿ. ಅವರ ಜೊತೆಗೆ ಹೋಗಿ. ನಾನು ಹೋಗಬಹುದಿತ್ತು — ಹೋಗಲಿಲ್ಲ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಎರಡು ನಿಮಿಷ ಯಾರೂ ಮಾತಾಡುವುದು ಬೇಡ. ಮೇಷ್ಟ್ರ ಪಕ್ಕದ ಮನೆಯ ಚಿಕ್ಕಬೋರಮ್ಮ, ಮೊನ್ನೆ ಸಾವಿನ ಮನೆಯ ಬಾಗಿಲಲ್ಲಿ ನನ್ನ ಕೈ ಹಿಡಿದು ಹೇಳಿದ ಮಾತನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಳ್ಳಿ:

"ಬೀಗ ಆಕುದ್ ಮ್ಯಾಲೂವೆ ಮೇಷ್ಟ್ರು ದಿನಾ ಆರ್ ಗಂಟ್ಗೆ ಗೇಟ್ ಸರಳು ಇಡ್ಕಂಡು ನಿಂತ್ಕತಿದ್ರು ಕಣವ್ವ. ಒಂದ್ ಎಸ್ರೂ ಬಾಯಿಗ್ ಬತ್ತಿರ್ಲಿಲ್ಲ. ಓಗೋರ್ನ ಬರೋರ್ನೆಲ್ಲ ಕೇಳೋರು — 'ಎಲ್ಲಾ ಬಂದವ್ರಾ?'"